ಕುಸುಬಿ ಎಣ್ಣೆ ಕುಡಿದ ಬಂದೂಕು

ಮೊನ್ನೆ ಮೊಮ್ಮಗಳು ತಂದಿಟ್ಟುಕೊಂಡ ಹೊಲಿಗೆ ಯಂತ್ರ ಹಟ ಹಿಡಿದು ನಿಂತಿತು. ಗಾಲಿ ತಿರುಗಿಸಿದರೆ ನರಳುತ್ತದೆ, ಸೂಜಿ ಅರ್ಧಕ್ಕೇ ನಿಲ್ಲುತ್ತದೆ. ಮೇಲಿನ ತಗಡು ಬಿಚ್ಚಿದೆ. ಒಳಗಿಂದ ಒಂದು ವಾಸನೆ ಬಂತು ನೋಡಿ... ಹಳೆಯ ಕುಸುಬಿ ಎಣ್ಣೆಯದು. ಅರ್ಧ ಅಡುಗೆಮನೆ, ಅರ್ಧ ಬಣ್ಣದ ಡಬ್ಬಿ. ಬೆರಳಿಟ್ಟರೆ ಅಂಟಂಟು. ಹಾಲು ಉಕ್ಕಿ ಸೀದು ಹೋದರೂ ಈಗ ನನ್ನ ಮೂಗಿಗೆ ತಿಳಿಯುವುದಿಲ್ಲ. ಇದು ಮಾತ್ರ ತಿಳಿಯಿತು. ವಾಡಿ ಸ್ಟೇಷನ್ನಿನ ಎದುರಿಗಿದ್ದ ಮಿಸ್ತ್ರಿ ಚಾಚಾ ನೆನಪಾದರು.

ಆಗ ನಿಜಾಮರ ಕಾಲ. ನನಗೆ ಇಪ್ಪತ್ತೆರಡು, ಹೊಸದಾಗಿ ಲಗ್ನವಾಗಿತ್ತು. ಚಿಂಚೋಳಿ ಕಡೆಯ ಒಬ್ಬ ದೇಶಮುಖರ ಕೋಟೆಯಂಥ ಮನೆಯಲ್ಲಿ, ವಾಡೆಯಲ್ಲಿ, ಹತ್ಯಾರದ ಕೋಣೆ ನೋಡಿಕೊಳ್ಳುವ ಕೆಲಸ ನನ್ನದು. ನಾಲ್ಕು ತಲವಾರು, ಎರಡು ಹಳೇ ಬಂದೂಕು, ಒಂದು ಹೊಸದು. ಹೊಸದರ ಗತ್ತೇ ಬೇರೆ! ಒಮ್ಮೆ ಬಂದೂಕಿನ ಕುದುರೆ ಎಳೆದರೆ ಗುಂಡು ಹಾರಿ, ಖಾಲಿ ಕಾಡತೂಸು ಹೊರಗೆ ಬಿದ್ದು, ಕೆಳಗಿನ ಡಬ್ಬಿಯಿಂದ ಮುಂದಿನದು ತಾನೇ ಮೇಲೇರಿ ಬರುತ್ತಿತ್ತು. ದೇಶಮುಖರು ಅದನ್ನು ಹೈದರಾಬಾದಿನಿಂದ ತರಿಸಿ, ಬಂದ ನೆಂಟರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಕುಂಚಾವರಂ ಅಡವಿಯಂಚಿನಲ್ಲಿ ಒಂದು ಚಿರತೆ ದನಗಳಿಗೆ ಬಾಯಿ ಹಾಕತೊಡಗಿತ್ತು. ದೇಶಮುಖರು ನೆಂಟರನ್ನು ಕಟ್ಟಿಕೊಂಡು ಹೊರಟರು. ಜೊತೆಗೆ ನಾನು, ಮತ್ತೆ ನಾವೆಲ್ಲ ಕಾಕಾ ಎನ್ನುತ್ತಿದ್ದ ಒಬ್ಬ ಮುದುಕ. ಕಾಡಿನಲ್ಲಿ ಹೆಜ್ಜೆ ಹುಡುಕುವುದು, ಡಬ್ಬಿಗೆ ಕಾಡತೂಸು ತುಂಬುವುದು ಅವನ ಕೆಲಸ. ಆ ಚಾಕರಿಗಾಗಿ ವಾಡೆಯವರು ನಾಲ್ಕೆಕರೆ ಹೊಲ, ಒಂದು ಗುಡಿಸಲು ಕೊಟ್ಟಿದ್ದರು. ಚಿರತೆ ಎದುರಾಯಿತು. ಮೊದಲ ಗುಂಡು ಗುರಿ ತಪ್ಪಿತು. ಎರಡನೆಯದು ಮೇಲೇರಿ ಬರಲೇ ಇಲ್ಲ. ಚಿರತೆ ಕಾಕಾನ ಮೇಲೆ ಹಾರಿ ರುಮಾಲು ಕಿತ್ತುಕೊಂಡು ಪೊದೆಯಲ್ಲಿ ಮಾಯವಾಯಿತು. ರುಮಾಲಿಗೆ ಬದಲು ತಲೆಯೇ ಹೋಗಬೇಕಿತ್ತು, ಶರಣರ ಪುಣ್ಯ.

ನೆಂಟರೆದುರು ಮುಖಭಂಗವಾಗಿದ್ದ ದೇಶಮುಖರ ಸಿಟ್ಟೆಲ್ಲ ಆ ಬೋಳುತಲೆಯ ಮೇಲೆ ಇಳಿಯಿತು.

“ಮುದ್ಯಾಗ ಕಣ್ಣು ಹೋಗ್ಯಾವ. ಹ್ಯಾಂಗರ ತುಂಬ್ಯಾನ. ಇಬ್ಬರೂ ವಾಡಿ ಮಿಸ್ತ್ರಿ ಕಡೆ ಹೋಗ್ರಿ. ತಪ್ಪು ಯಾರದಂತ ಬರೆಸ್ಕೊಂಡ ಬರ್ರಿ. ತುಂಬಿದ್ದರಾಗ ತಪ್ಪಿತ್ತಂದ್ರ, ಹೊಲಾ ಬಿಟ್ಟ ನಡೀಬೇಕು.”

ಸೇಡಂವರೆಗೆ ಬಂಡಿ, ಅಲ್ಲಿಂದ ರೈಲು. ಪರವಾನಗಿ ಕಾಗದ ಕಿಸೆಯಲ್ಲಿ, ಬಂದೂಕು ಕಂಬಳಿಯಲ್ಲಿ. ಚಿತ್ತಾಪುರ ದಾಟಿದ ಮೇಲೆ ಕಾಕಾ, “ಸೊಟ್ಟ ತುಂಬಿರ್ತೀನೇನೋ ತಮ್ಮಾ... ವಯಸ್ಸಾತಲ್ಲ” ಎಂದ. ನಾನು ಹೂಂ ಅಂದೆ. ಹಾಗೆ ಹೂಂ ಅಂದದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಿಸ್ತ್ರಿ ಚಾಚಾ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಬಿಳಿ ಗಡ್ಡ, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದರು. ಅಂಗಡಿಯಲ್ಲಿ ಗಡಿಯಾರ, ಹಾರ್ಮೋನಿಯಂ, ಗ್ಯಾಸ್‌ಬತ್ತಿ, ಯಾರದೋ ಮನೆಯ ದೊಡ್ಡ ಬೀಗ. “ಬರ್ರಿ, ಕುಂದ್ರಿ” ಎಂದು ಮೊದಲು ಕಾಕಾನಿಗೆ ನೀರು ಕೊಟ್ಟರು. ಆಮೇಲೆ ಬಂದೂಕು ಖಾಲಿ ಇದೆಯೆಂದು ಮೂರು ಸಲ ನೋಡಿ, ನಿಜವಾದ ಕಾಡತೂಸುಗಳನ್ನೆಲ್ಲ ಡಬ್ಬದಲ್ಲಿಟ್ಟು ಬೀಗ ಹಾಕಿದರು. ಬೇವಿನ ಕಟ್ಟಿಗೆ ತಗೊಂಡು ಅಳತೆಗೆ ಸರಿಯಾಗಿ ಮೂರು ಹುಸಿ ಕಾಡತೂಸು ಕೆತ್ತಿದರು. ಅದಕ್ಕೇ ಅರ್ಧ ದಿನ ಹೋಯಿತು. ನನಗೆ ತಡೆಯಲಾಗಲಿಲ್ಲ.

“ಚಾಚಾ, ಸ್ಪ್ರಿಂಗ್ ಸಡ್ಲ ಆಗಿರಬೇಕು. ಎಳದು ಬಿಗಿ ಮಾಡ್ರಲ್ಲ.”

ಅವರು ಕನ್ನಡಕದ ಮೇಲಿಂದ ನೋಡಿದರು. “ಗಾಡಿ ತಡಾ ಆದ್ರ ಮಂದಿ ಡ್ರೈವರಗ ಬೈತಾರ ಬೇಟಾ. ಕಂಬಿ ಯಾರೂ ನೋಡಂಗಿಲ್ಲ. ಒಂದ ಸಲಕ್ಕ ಒಂದ ನೋಡಬೇಕು. ಎರಡು ರಿಪೇರಿ ಕೂಡೇ ಮಾಡಿದ್ರ ಯಾವದರಿಂದ ನೆಟ್ಟಗಾತು, ಖುದಾಗೂ ತಿಳಿಯಂಗಿಲ್ಲ.”

ಒಂದು ಸ್ಲೇಟಿನ ಮೇಲೆ ಸುಣ್ಣದ ಕಡ್ಡಿಯಿಂದ ನಾಲ್ಕು ಗೀಟು ಎಳೆದರು. ತಪ್ಪಿರಬಹುದಾದ ಒಂದೊಂದು ಜಾಗಕ್ಕೆ ಒಂದು: ಕಾಡತೂಸು, ಡಬ್ಬಿಯ ಬಾಯಿ, ಸ್ಪ್ರಿಂಗ್, ಡಬ್ಬಿಯ ಹೊಟ್ಟೆ. ಮೊದಲು ಬೀಗದ ಡಬ್ಬದಿಂದ ಕಾಡತೂಸುಗಳನ್ನು ತೆಗೆದು, ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಒಳಗಿಟ್ಟರು. ನೆಗ್ಗಿಲ್ಲ, ಕಿಲುಬಿಲ್ಲ. ಒಂದು ಗೀಟು ಅಳಿಸಿದರು. ಕಟ್ಟಿಗೆಯವನ್ನು ಕಾಕಾನ ಕೈಗೇ ಕೊಟ್ಟು ತುಂಬಲು ಹೇಳಿದರು. ಕಾಕಾ ಒಂದೊಂದನ್ನೂ ಬೆರಳಿನಿಂದ ತಡವಿ ಒತ್ತಿದ, ಮೂರೂ ನೆಟ್ಟಗೆ ಕುಳಿತವು. ಚಾಚಾ ಬಂದೂಕಿನ ಹಿಡಿಕೆ ಹಿಂದಕ್ಕೆಳೆದು ಬಿಟ್ಟರು. ಮೊದಲನೆಯದು ಹೋಯಿತು. ಎರಡನೆಯದು ಡಬ್ಬಿಯಲ್ಲೇ ಕುಳಿತಿತ್ತು.

ಡಬ್ಬಿಯ ಬಾಯಿ ಸೊಟ್ಟಾಗಿರಲಿಲ್ಲ. ಎರಡನೇ ಗೀಟೂ ಹೋಯಿತು. ಸ್ಪ್ರಿಂಗ್ ಹೊರಗೆ ತೆಗೆದರೆ ಟಣ್ಣನೆ ಜಿಗಿಯಿತು. ಮೂರನೆಯದೂ ಹೋಯಿತು. ಉಳಿದದ್ದು ಡಬ್ಬಿಯ ಹೊಟ್ಟೆ. ಚಾಚಾ ಒಳಗೆ ಬೆರಳಾಡಿಸಿ ಹೊರಗೆ ತೆಗೆದರು. ಹಳದಿ ಅಂಟು. ಕಾಡತೂಸನ್ನು ಮೇಲಕ್ಕೆತ್ತುವ ತಗಡು ಅದರಲ್ಲಿ ಕಚ್ಚಿಕೊಂಡು, ನೊಗ ಕಟ್ಟದ ಅಮಾವಾಸ್ಯೆಯ ದಿನದ ಎತ್ತಿನಂತೆ ಏಳಲೊಲ್ಲೆ ಎನ್ನುತ್ತಿತ್ತು. ಅವರು ಬೆರಳು ಮೂಸಿದರು. ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದರು.

ಕುಸುಬಿ ಎಣ್ಣೆ. ನಾನು ಹಾಕಿದ್ದು.

ಮಹಾನವಮಿಗೆ ಖಂಡೆ ಪೂಜೆಯ ಮುಂಚೆ ಹತ್ಯಾರಕ್ಕೆಲ್ಲ ಎಣ್ಣೆ ಹಾಕಬೇಕು. ಹೊಸ ಬಂದೂಕಿನ ಜೊತೆ ಅದರದೇ ಎಣ್ಣೆಯ ಡಬ್ಬಿ ಬಂದಿತ್ತು. ಆದರೆ ಪರದೇಶದ ಎಣ್ಣೆ, ಯಾವ ಪ್ರಾಣಿಯ ಕೊಬ್ಬೋ ಏನೋ! ಕೊರಳಲ್ಲಿ ಲಿಂಗ ಕಟ್ಟಿಕೊಂಡು ಅದನ್ನು ಮುಟ್ಟಿ, ಪೂಜೆಗೆ ಇಡುವುದೆಂದರೇನು? ವಾಡೆಯ ಗಾಣದ ಶುದ್ಧ ಕುಸುಬಿ ಎಣ್ಣೆಯನ್ನು ಭಕ್ತಿಯಿಂದ, ಕೈ ಬಿಚ್ಚಿ, ಡಬ್ಬಿಯೊಳಗೂ ಸುರಿದಿದ್ದೆ. ಎರಡು ತಿಂಗಳ ಗಾಳಿಗೆ ಅದು ಒಣಗಿ ಗೋಂದಾಗಿತ್ತು. ತಲವಾರಿಗೆ ನಡೆಯುತ್ತದೆ, ತಲವಾರಿಗೆ ಒಳಹೊಟ್ಟೆ ಎಲ್ಲಿದೆ?

ಚಾಚಾ ಒಂದು ಹಾಳೆ, ಟಾಕು, ಮಸಿ ಕುಡಿಕೆ ನನ್ನ ಮುಂದಿಟ್ಟರು. “ನನಗ ಕಾನಡಿ ಬರಿಲಿಕ್ಕೂ ಬರಲ್ಲ, ಓದಲಿಕ್ಕೂ ಬರಲ್ಲ. ನೀನೇ ಬರಿ. ನಾ ದಸ್ಕತ್ ಮಾಡ್ತೀನಿ.”

ಕಾಕಾನಿಗೂ ಓದು ಬರದು. ಅವನು ಹೊಸಿಲ ಮೇಲೆ ಕುಳಿತು, ತೀರ್ಪು ಕೇಳುವವನ ಹಾಗೆ ನನ್ನ ಟಾಕನ್ನೇ ನೋಡುತ್ತಿದ್ದ. ‘ತುಂಬಿದ್ದರಲ್ಲಿ ದೋಷ’ ಎಂದು ಬರೆದರೆ ನನ್ನ ನೌಕರಿ ಉಳಿಯುತ್ತದೆ. ಮನೆಯಲ್ಲಿ ಹೊಸ ಹೆಂಡತಿ. ಟಾಕು ಮಸಿಯಲ್ಲಿ ಅದ್ದಿದೆ, ಒರೆಸಿದೆ, ಮತ್ತೆ ಅದ್ದಿದೆ, ಅಷ್ಟರಲ್ಲಿ ಒಂದು ಗೂಡ್ಸ್ ಗಾಡಿ ಬಂದು ಹೋಯಿತು. ಚಾಚಾ ಒಮ್ಮೆಯೂ ಅವಸರ ಮಾಡಲಿಲ್ಲ. ಕೊನೆಗೆ ಬರೆದೆ: ‘ತುಂಬಿದ್ದು ಸರಿ ಇದೆ. ಡಬ್ಬಿಗೆ ಕುಸುಬಿ ಎಣ್ಣೆ ಹಾಕಿದ ತಪ್ಪು ನನ್ನದು.’

“ಓದಿ ಹೇಳ್ಲೇನ್ರಿ ಚಾಚಾ?”

“ಯಾಕ? ಬರದಾಂವ ನೀ ಇದ್ದಿಯಲ್ಲ” ಎಂದು ಕೆಳಗೆ ಉರ್ದುವಿನಲ್ಲಿ ದಸ್ಕತ್ ಹಾಕಿದರು. ಆಮೇಲೆ ನನ್ನ ಬೆನ್ನು ತಟ್ಟಿ, “ಆತಲ್ಲ. ಇನ್ನ ಸೀಮಿಎಣ್ಣಿ ತಾ, ತೊಳಿಯೋಣು” ಎಂದರು.

ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ ಮೇಲೆ ಮೂರೂ ಕಟ್ಟಿಗೆಯ ಕಾಡತೂಸು ಟಕಟಕನೆ ಹೊರಬಿದ್ದವು. ಕಾಕಾ ಚಪ್ಪಾಳೆ ತಟ್ಟಿ ನಕ್ಕುಬಿಟ್ಟ. ಹಾಳೆಯಲ್ಲಿ ಏನಿದೆಯೆಂದು ವಾಪಸು ಬರುವಾಗ ರೈಲಿನಲ್ಲಿ ಅವನಿಗೆ ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡು ಸೇಡಂವರೆಗೂ ಬಿಡಲಿಲ್ಲ.

ಹೊಲ ಅವನಿಗೇ ಉಳಿಯಿತು. ನನ್ನ ನೌಕರಿ ಹೋಯಿತು. ವಾರದೊಳಗೆ ನಾನು ಹೆಂಡತಿಯನ್ನು ಕರೆದುಕೊಂಡು ವಾಡಿಗೆ ಹೋಗಿ ಅದೇ ಅಂಗಡಿಯ ಎದುರು ನಿಂತೆ. ಚಾಚಾ ಏನೂ ಕೇಳದೆ ಸ್ಲೇಟು ನನ್ನ ಕೈಗಿಟ್ಟರು. ಐದು ವರ್ಷ ಅವರ ಹತ್ತಿರ ಕೆಲಸ ಕಲಿತೆ. ನಾನು ತಿಂದ ಅನ್ನವೆಲ್ಲ ಆ ಸ್ಲೇಟಿನದು. ಆಮೇಲೆ ನಿಜಾಮರ ರಾಜ್ಯ ಹೋದ ವರ್ಷದ ಗದ್ದಲ. ನಾನು ಹೆಂಡತಿಯ ಬಾಣಂತನಕ್ಕೆಂದು ಕಾಳಗಿಗೆ ಹೋದವನು ತಿರುಗಿ ಬಂದು ನೋಡಿದರೆ ಅಂಗಡಿಗೆ ಬೀಗ. ಮಗಳ ಊರಿಗೆ ಹೋದರು ಅಂದರು ಕೆಲವರು. ಯಾವ ಊರು, ಯಾರಿಗೂ ಗೊತ್ತಿರಲಿಲ್ಲ... ಎಷ್ಟೋ ವರ್ಷ ಯಾವ ಸ್ಟೇಷನ್ನಿನಲ್ಲಿ ಇಳಿದರೂ ಕಾಲೆಳೆಯುತ್ತ ನಡೆಯುವ ಬಿಳಿಗಡ್ಡದವರನ್ನು ಹುಡುಕಿದೆ. ಒಂದು ಸಲಾಂ ಬಾಕಿ ಉಳಿಯಿತು.

ಮೊಮ್ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಯಂತ್ರ ಅವಳ ಅತ್ತೆಯದು, ಕೇಳಿ ತಂದದ್ದು. “ನಾ ಏನೂ ಮಾಡಿಲ್ಲಜ್ಜಾ, ತಾನೇ ಕೆಟ್ಟದ” ಎಂದಳು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನಾನೇನು ತಣ್ಣನೆಯ ಮನುಷ್ಯನಲ್ಲ. ಆದರೆ ಅಂಟು ಹತ್ತಿದ ಬೆರಳನ್ನು ಸುಮ್ಮನೆ ಅವಳ ಮೂಗಿನ ಹತ್ತಿರ ಹಿಡಿದೆ. ಅವಳು ಮೂಸಿ ತಲೆ ತಗ್ಗಿಸಿದಳು. ನಾನು ಅವಸರ ಮಾಡಲಿಲ್ಲ.

“ನಾನೇ ಹಾಕೀನಜ್ಜಾ. ಅಡಗಿಮನಿದು.”

“ಆತಲ್ಲ” ಎಂದೆ. ಅವಳ ಬೆನ್ನು ತಟ್ಟಿದೆ. “ಇನ್ನ ಸೀಮಿಎಣ್ಣಿ ತಾ, ತೊಳಿಯೋಣು.”