ಲಾಭ, ದೋಸ್, ತ್ರೇಸ್

ಕೊತ್ತಂಬರಿ ಕಟ್ಟಿನ ಬೇರಿಗೆ ಒದ್ದೆ ಮಣ್ಣು ಅಂಟಿಕೊಂಡಿದ್ದರೆ ನಾನು ಅದನ್ನು ಮೊದಲು ಮೂಗಿಗೆ ಹಿಡಿಯುತ್ತೇನೆ, ಆಮೇಲೆ ತೊಳೆಯುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಆ ವಾಸನೆಯಲ್ಲಿ ಹೊರಮಾವಿನ ನಮ್ಮ ತೋಟವಿದೆ, ಬಾವಿಯಿದೆ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತ ನಮ್ಮತ್ತೆ, ಅಪ್ಪನ ಅಕ್ಕ, ಇದ್ದಾಳೆ. ಈಗ ಅಲ್ಲಿ ದೊಡ್ಡ ಅಪಾರ್ಟ್‌ಮೆಂಟು ಎದ್ದಿದೆ. ಬಾವಿ ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ನೀವು ಆಡಿ ಬೆಳೆದ ಕಡೆಯೂ ಇಂಥದೊಂದು ಬಾವಿ ಹೀಗೇ ಮುಚ್ಚಿಹೋಗಿದ್ದರೆ, ನಾನು ಹೇಳುವುದು ನಿಮಗೆ ಬೇಗ ಅರ್ಥವಾಗುತ್ತದೆ.

ಬಿಸಿಲು ಇಳಿದ ಮೇಲೆ ಸೊಪ್ಪು ಕಿತ್ತು, ತೊಟ್ಟಿಯ ನೀರಿನಲ್ಲಿ ಜಾಲಿಸಿ, ಬಾಳೆಯ ನಾರಿನಿಂದ ಕಟ್ಟು ಕಟ್ಟುವುದು ಹೆಂಗಸರ ಕೆಲಸ. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ನನ್ನನ್ನೂ ಆ ಕೆಲಸಕ್ಕೆ ಕೂರಿಸಿದರು. ಅಪ್ಪ ಕಟ್ಟುಗಳನ್ನು ಮಂಕರಿಯಲ್ಲಿ ಜೋಡಿಸುತ್ತಾ ಗಟ್ಟಿಯಾಗಿ ಎಣಿಸುತ್ತಿದ್ದ. ಅವನ ಎಣಿಕೆಯಲ್ಲಿ ಒಂದು ಅನ್ನುವ ಮಾತೇ ಇರಲಿಲ್ಲ. "ಲಾಭ... ಎರಡು... ಮೂರು..." ಒಂದು ಅಂದರೆ ಒಂದಕ್ಕೇ ನಿಂತುಹೋಗುತ್ತದೆ, ಲಾಭ ಅಂದರೆ ಬೆಳೆಯುತ್ತಾ ಹೋಗುತ್ತದೆ ಅನ್ನುವುದು ನಮ್ಮ ಕಡೆಯವರ ನಂಬಿಕೆ. ರಾಗಿ ಅಳೆಯುವಾಗಲೂ ಹಾಗೇ. ಸ್ಕೂಲಿನಲ್ಲಿ ಕಲಿತ ಜಂಬಕ್ಕೆ ನಾನೊಮ್ಮೆ "ಒಂದು" ಅಂದಾಗ ಅತ್ತೆ, "ಅಯ್ಯೋ ಮೂದೇವಿ, ಬಾಯಿ ತೊಳ್ಕೊಂಬಂದು ಎಣ್ಸು!" ಅಂತ ಒದ್ದೆ ಕೈಯಲ್ಲೇ ತಲೆಗೆ ಮೊಟಕಿದ್ದಳು. ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಅಪ್ಪ ನನ್ನನ್ನೂ ಗಾಡಿಯಲ್ಲಿ ಶಿವಾಜಿನಗರದ ಮಾರ್ಕೆಟ್ಟಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ನಮ್ಮ ಸೊಪ್ಪು ಇಳಿಸಿಕೊಳ್ಳುತ್ತಿದ್ದ ಗಫೂರ್ ಸಾಬರು "ಬರ್ಕತ್, ದೋ, ತೀನ್" ಅಂತ ಎಣಿಸುವುದನ್ನು ಕೇಳಿ ನಾನು, "ಅಪ್ಪಾ, ಅವ್ರೂ ಒಂದು ಅನ್ನಲ್ಲ!" ಅಂತ ಕೂಗಿಕೊಂಡಿದ್ದೆ. ಸಾಬರು ಗಡ್ಡ ಅಲುಗುವಂತೆ ನಕ್ಕರು. "ನಿಮ್ಮಪ್ಪಂದು ಲಾಭ, ನಮ್ದು ಬರ್ಕತ್ ಬೇಟಿ. ಎರಡೂ ಒಂದೇ ಮಂಕ್ರೀಲಿ ಹೋಗ್ತದೆ" ಅಂತ ನನ್ನ ಕೈಗೆ ಬಿಸಿ ಬನ್ನು ಇಟ್ಟರು. ಆ ಬನ್ನಿನ ಬಿಸಿ ಇನ್ನೂ ನನ್ನ ಅಂಗೈಯಲ್ಲಿದೆ.

ತೋಟ ಹೋಯಿತು, ಎಣಿಕೆ ನನ್ನ ಬಾಯಲ್ಲಿ ಉಳಿಯಿತು. ಮೊಮ್ಮಗಳು ಸುಪ್ರಿಯಾ ಮಗುವಾಗಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು, ಪಾವಿನಲ್ಲಿ ಅಕ್ಕಿ ಅಳೆಯುತ್ತಾ ಅವಳಿಗೂ ಹಾಗೇ ಹೇಳಿಕೊಟ್ಟೆ. ದೊಡ್ಡವಳಾಗಿ ಅವಳು ಹಲಸೂರಿನಲ್ಲಿ ಸಂಗೀತ ಕಲಿತಳು, ಇಂದಿರಾನಗರದಲ್ಲಿ ಸ್ಪ್ಯಾನಿಷ್ ಕಲಿತಳು. ಅದು ಎಲ್ಲೆಲ್ಲಿಯ ಜನ ಆಡುವ ಮಾತೋ ನನಗೆ ತಿಳಿಯದು, ಅವಳ ಬಾಯಲ್ಲಿ ಕೇಳಲು ಮಾತ್ರ ಬಲು ಚೆಂದ. ಹಿಮಾಚಲದ ಒಂದು ಬೆಟ್ಟದೂರಿನ ಸ್ಕೂಲಿನಲ್ಲಿ ಎರಡನ್ನೂ ಕಲಿಸುವ ಕೆಲಸ ಸಿಕ್ಕಿತು. ಮೂರು ತಿಂಗಳು ನೋಡುತ್ತೇವೆ, ಮಕ್ಕಳು ಒಗ್ಗಿದರೆ ಇಟ್ಟುಕೊಳ್ಳುತ್ತೇವೆ ಅಂದಿದ್ದರಂತೆ. ಮಕ್ಕಳು ಒಗ್ಗಲಿಲ್ಲ. ಇವಳ ಬೆಂಗಳೂರು ಹಿಂದಿಗೆ ಕಿಸಕ್ಕೆಂದು ನಗುವುದು, ಹಾಡಿ ಅಂದರೆ ಬಾಯಿಗೆ ಬೀಗ. ಎರಡೂವರೆ ತಿಂಗಳಾದಾಗ ಫೋನಿನಲ್ಲಿ ಅತ್ತಳು. "ಅಜ್ಜಿ, ಒಂದ್ ಮಗೂನೂ ಬಾಯ್ ಬಿಡಲ್ಲ. ನಾನು ಗೋಡೆಗೆ ಹಾಡ್ತಿದೀನಿ ಅಷ್ಟೆ. ವಾಪಸ್ ಬಂದ್ಬಿಡ್ಲಾ?" ನನಗೆ ಕರುಳು ತಡೆಯಲಿಲ್ಲ. "ಬಂದ್ಬಿಡು ಮಗಾ, ಇಲ್ಲಿ ಅನ್ನಕ್ಕೇನು ಕಮ್ಮಿನಾ?" ಅಂದುಬಿಟ್ಟೆ. ಫೋನು ಇಟ್ಟ ಮೇಲೆ ನೆನಪಾಯಿತು. ನನ್ನನ್ನು ಸ್ಕೂಲಿನಿಂದ ಎಬ್ಬಿಸಿ ತಂದ ದಿನ ಅತ್ತೆ ಹೇಳಿದ್ದೂ ಇದೇ ಮಾತು, ಅನ್ನಕ್ಕೇನು ಕಮ್ಮಿ ಅಂತ. ಪ್ರೀತಿಯಿಂದಲೇ ಹೇಳಿದ್ದಳು. ಆದರೂ ಅವತ್ತು ನಾನೆಷ್ಟು ಅತ್ತಿದ್ದೆ! ಈಗ ನನ್ನ ಬಾಯಿಂದಲೇ ಅದು ಬಂತಲ್ಲ ಅಂತ ಮೂರು ದಿನ ನನ್ನನ್ನೇ ಬೈದುಕೊಂಡೆ.

ಮೂರು ದಿನ ಬಿಟ್ಟು ಅವಳೇ ಫೋನು ಮಾಡಿದಳು. ಈ ಸಲ ನಗು ತಡೆಯಲಾಗದೆ ಮಾತೇ ಹೊರಡುತ್ತಿಲ್ಲ. ಟಿಕೆಟ್ ತೆಗೆಸಿಟ್ಟು, ಇದೇ ಕೊನೆಯ ಪಾಠ ಅಂದುಕೊಂಡು ಕ್ಲಾಸಿಗೆ ಹೋಗಿದ್ದಾಳೆ. ಮೇಜಿನ ಮೇಲೆ ತಾಳ ಹಾಕುತ್ತಾ ಸ್ಪ್ಯಾನಿಷ್ ಎಣಿಕೆ ಹೇಳಿಕೊಡಬೇಕು: ಊನೋ, ದೋಸ್, ತ್ರೇಸ್, ಕ್ವಾತ್ರೋ. ಮನಸ್ಸು ಮನೆಯ ಕಡೆ ಇತ್ತಲ್ಲ, ಬಾಯಿ "ಲಾಭ, ದೋಸ್, ತ್ರೇಸ್" ಅಂದುಬಿಟ್ಟಿದೆ! ಲಾಭ ಅನ್ನುವ ಮಾತು ಹಿಂದಿಯಲ್ಲೂ ಇದೆಯಂತೆ. ಇಡೀ ಕ್ಲಾಸು ಗೊಳ್ಳೆಂದಿತು. "ಮ್ಯಾಡಮ್, ಸ್ಪೇನಿನಲ್ಲಿ ಮೊದಲು ಲಾಭ ನೋಡ್ಕೊಂಡು ಆಮೇಲೆ ಎಣಿಸ್ತಾರಾ?" ಅಂತ ಒಬ್ಬಳು ಕೇಳಿದಳು. ಇವಳು ನಾಚಿಕೊಂಡು, ಹಾಗಲ್ಲ, ನಮ್ಮ ಮುತ್ತಾತ ಸೊಪ್ಪಿನ ಕಟ್ಟು ಹಾಗೆ ಎಣಿಸುತ್ತಿದ್ದರು ಅಂತ ನಮ್ಮ ತೋಟ, ತೊಟ್ಟಿ, ಅತ್ತೆಯ ಮೊಟಕು ಎಲ್ಲವನ್ನೂ ಹೇಳಿದಳು. ಆಗ ಅದೇ ಹುಡುಗಿ, ಸೇಬಿನ ತೋಟದ ಮನೆಯವಳಂತೆ, ಎದ್ದು ನಿಂತು, "ನಮ್ಮ ತಾತನೂ ಸೇಬಿನ ಪೆಟ್ಟಿಗೆ ಎಣಿಸೋವಾಗ ಒಂದು ಅನ್ನಲ್ಲ ಮ್ಯಾಡಮ್, ಬರ್ಕತ್ ಅಂತಾರೆ!" ಅಂದಳು. ನೋಡಿ, ನಮ್ಮ ಗಫೂರ್ ಸಾಬರು ಆ ಬೆಟ್ಟಕ್ಕೂ ಹತ್ತಿದ್ದರು! ಆಮೇಲೆ ಒಬ್ಬೊಬ್ಬರಿಗೂ ಒಬ್ಬೊಬ್ಬ ತಾತ ನೆನಪಾದ, ಮುಚ್ಚಿದ್ದ ಬಾಯಿಗಳೆಲ್ಲ ತೆರೆದವು. ಅವತ್ತೇ ಮೊದಲ ಸಲ ಹಾಡಿದರಂತೆ. "ಟಿಕೆಟ್ ಕ್ಯಾನ್ಸಲ್ ಮಾಡ್ಬಿಟ್ಟೆ. ಬರಲ್ಲ ಕಣಜ್ಜಿ" ಅಂದಳು. "ಬರ್ಬೇಡ ಹೋಗೇ ಕತ್ತೆ, ಅಲ್ಲೇ ಇರು!" ಅಂತ ನಾನು ಅಳುತ್ತಾ ನಗುತ್ತಾ ಬೈದೆ.

ಅವಳನ್ನು ಅಲ್ಲೇ ಇಟ್ಟುಕೊಂಡರು. ಮೊನ್ನೆ ಮೊಬೈಲಿಗೆ ಒಂದು ವಿಡಿಯೋ ಬಂತು. ಅಪ್ಪ ಅಮ್ಮಂದಿರ ಎದುರು ಮಕ್ಕಳು ಸ್ವೆಟರ್ ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ, ಚಳಿಗೆ ಬಾಯಿಂದ ಹೊಗೆ ಬರುತ್ತಿದೆ. ಸುಪ್ರಿಯಾ ಕೈ ಎತ್ತಿದಳು. ಹಾಡಿಗೆ ಮುಂಚೆ ಅಷ್ಟೂ ಮಕ್ಕಳು ತೊಡೆ ತಟ್ಟುತ್ತಾ ಮೆಲ್ಲಗೆ, "ಲಾಭ, ದೋಸ್, ತ್ರೇಸ್, ಕ್ವಾತ್ರೋ" ಅಂದರು. ಆಮೇಲಿನ ಹಾಡು ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆ ಮೊದಲ ಮಾತನ್ನೇ ಎಷ್ಟು ಸಲ ಹಾಕಿಸಿಕೊಂಡು ಕೇಳಿದೆನೋ! ಅಪ್ಪನದು ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವನ ದನಿ ಬಾವಿಯ ಜೊತೆಗೇ ಮುಚ್ಚಿಹೋಯಿತು ಅಂದುಕೊಂಡಿದ್ದೆ.

ಫೋನು ಪಕ್ಕಕ್ಕಿಟ್ಟು ಅಡಿಗೆಮನೆಗೆ ಹೋದೆ. ಮೊದಲ ಪಾವು ಅಕ್ಕಿ ಪಾತ್ರೆಗೆ ಸುರಿದು "ಲಾಭ" ಅಂದೆ. ಎರಡು ಅನ್ನಲು ಅಪ್ಪ ಇಲ್ಲ, ಮೊಟಕಲು ಅತ್ತೆ ಇಲ್ಲ, ನಗಲು ಸಾಬರಿಲ್ಲ. ಎರಡನೇ ಪಾವು ತುಂಬಿಕೊಂಡು, ಯಾರಿಗೂ ಕೇಳದ ಹಾಗೆ, "ದೋಸ್" ಅಂದೆ.