ಗಾಡಿ ಆತು, ಈಗ ಡ್ರೈವರ್ ಚೆಕ್

ದಾರಿಯಲ್ಲಿ ಲಾರಿ ಒಂದು ತಾಸು ನಿಂತಿದ್ದಕ್ಕೆ ನನ್ನ ನಿಂಬೆಹಣ್ಣಿಗೆ ಮಾರುಕಟ್ಟೆಯ ಬೆಳಗಿನ ರೇಟು ಕೈತಪ್ಪಿತು. ಆದರೂ ಅಗ್ಗದ ವ್ಯವಹಾರ ಬಿಡಿ! ಡ್ರೈವರ್ ಚಾಚಾ ಉಳಿದರು, ನಾನೂ ಉಳಿದೆ.

ಪ್ರತಿ ಸಲ ಇಂಡಿ ಊರಿನಲ್ಲಿ ಲೋಡಾದ ಮೇಲೆ ಚಾಚಾ ಟೈರುಗಳನ್ನು ಬಡಿದು ನೋಡುತ್ತಿದ್ದರು. ಆಮೇಲೆ ತಮ್ಮ ಬೆರಳು ಚುಚ್ಚಿ, ಮಷೀನಿನಲ್ಲಿ ಶುಗರ್ ನೋಡಿಕೊಂಡು, “ಗಾಡಿ ಆತು, ಈಗ ಡ್ರೈವರ್ ಚೆಕ್” ಎಂದು ನಗುತ್ತಿದ್ದರು.

ಆ ದಿನ ಝಳಕಿ ಹತ್ತಿರ ಚಾಚಾಗೆ ಬೆವರಿಳಿದು ಕೈ ನಡುಗಿತು. ಲಾರಿ ಬದಿಗೆ ನಿಲ್ಲಿಸಿ ಸಕ್ಕರೆ ಡಬ್ಬಿ ತೆಗೆದರು. ಪಕ್ಕದಲ್ಲಿದ್ದ ನಾನು ಕಸಿದುಕೊಂಡೆ.

“ಶುಗರ್ ಇದ್ದಾವ್ರು ಸಕ್ಕರಿ ತಿಂತಾರೇನ್ರಿ ಚಾಚಾ?”

“ಶುಗರ್ ಇಳದೈತಿ ಸಾವ್ಕಾರ, ಕೊಡ್ರಿ! ಇಲ್ಲಾಂದ್ರ ನಿಂಬಿಹಣ್ಣ ನೀವ ಹೊತ್ಕೊಂಡ್ ಹೋಗ್ರಿ!”

ಕೊಟ್ಟೆ. ತಿಂದು, ಸ್ವಲ್ಪ ಕಾದು, ಮತ್ತೆ ಬೆರಳು ಚುಚ್ಚಿದರು. ಅಂಕಿ ಏರಿತ್ತು! ರೊಟ್ಟಿ ತಿಂದು, ಮೈ ಸರಿಹೋದ ಮೇಲೆಯೇ ಸ್ಟೇರಿಂಗ್ ಹಿಡಿದರು.

ನೀವೂ ಬಾಡಿಗೆಯಲ್ಲಿ ಬೇಕಾದಷ್ಟು ಚೌಕಾಸಿ ಮಾಡಿ. ಶುಗರ್ ಇರುವ ಡ್ರೈವರ್ ಶುಗರ್ ಇಳಿದು ಗಾಡಿ ನಿಲ್ಲಿಸಿದಾಗ ಮಾತ್ರ ಚೌಕಾಸಿ ಬೇಡ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ಕೊಡಿ.