ಮಗ್ಗದ ಕುಂಟು ಸದ್ದು

ಅವ್ವ ತೀರಿಕೊಂಡ ಮೇಲೂ ನಮ್ಮ ಮನೆಯಲ್ಲಿ ಅವ್ವನೇ ನೇಯುತ್ತಿದ್ದಳು. ಕೇಳಿದವರಿಗೆ ಹಾಗೇ ಅನ್ನಿಸುತ್ತಿತ್ತು.

ಅವಳ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಎಡಗಡೆಯ ತುಳಿಯುವ ಹಲಗೆ ಎಟುಕುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅಪ್ಪ ಅದರ ಹಗ್ಗವನ್ನು ಮೋಟು ಮಾಡಿ, ಹಲಗೆಯನ್ನು ಎತ್ತಿ ಕಟ್ಟಿಕೊಟ್ಟಿದ್ದರಂತೆ. ಅದಕ್ಕೇ ಅವಳ ಮಗ್ಗದ ಸದ್ದು ಕುಂಟುತ್ತಿತ್ತು: ಒಂದು ಬಡಿತ ಬೇಗ, ಇನ್ನೊಂದು ತಡ. ತಮಿಳು ನಾಡಿನ ಸೇಲಂನಲ್ಲಿ ಕನ್ನಡ ಮಾತಾಡುವ ನೇಕಾರರ ಬೀದಿ ನಮ್ಮದು, ಮನೆಮನೆಗೂ ಮಗ್ಗ. ಆದರೂ ನಮ್ಮನೆಯ ಸದ್ದು ಬೀದಿಯ ತುದಿಗೇ ಗೊತ್ತಾಗುತ್ತಿತ್ತು.

ಅವಳ ಜಾಗದಲ್ಲಿ ಅಕ್ಕ ಕೂತಳು. ಅಪ್ಪ ಹಗ್ಗ ಬಿಚ್ಚಲಿಲ್ಲ, ಬಿಚ್ಚಲು ಬಿಡಲೂ ಇಲ್ಲ. ಎರಡೂ ಕಾಲು ನೆಟ್ಟಗಿದ್ದ ಅಕ್ಕ ಸೊಂಟ ವಾಲಿಸಿಕೊಂಡು ನೇಯುತ್ತಿದ್ದಳು. ಸದ್ದು ಮಾತ್ರ ಅದೇ. ಅಪ್ಪ ಜಗುಲಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ನನಗೆ ಒಳಗೆ ಇಣುಕಲೂ ಭಯ.

ಒಂದು ಸಂಜೆ ಬಾವಿಯಿಂದ ಕೊಡ ಹೊತ್ತು, ಎಡಕ್ಕೆ ವಾಲುತ್ತಾ, ಅವ್ವ ಬಂದಳು. ನಾನು ಕಿರುಚಿಕೊಂಡೆ. ಬಂದದ್ದು ಅಕ್ಕ.

"ಯಾಕೆ ಅಂಗೆ ಬಡ್ಕೋತೀಯೇ? ಸೊಂಟ ಇಡ್ಕೊಂಡೈತೆ, ಅಷ್ಟೇ" ಅಂದಳು.

ಸಾವಿರದ ಒಂಬೈನೂರ ಮೂವತ್ತರ ದಶಕದ ಮಾತು. ನಮ್ಮ ಬೀದಿಯಿಂದ ಶಾಲೆಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಆ ವಾರವೇ ಟೀಚರಮ್ಮ 'ರಿಮೈಂಡ್' ಎಂಬ ಇಂಗ್ಲಿಷ್ ಪದ ಹೇಳಿಕೊಟ್ಟರು. 'ಞಾಪಕಪ್ಪಡುತ್ತು' ಎಂದು ತಮಿಳಿನಲ್ಲಿ ಅರ್ಥ ಹೇಳಿ, ರಿಮೆಂಬರ್ ಬೇರೆ, ಇದು ಬೇರೆ ಅಂದರು. ರಿಮೆಂಬರ್ ಅಂದರೆ ನಾವಾಗಿ ನೆನೆಯುವುದು. ರಿಮೈಂಡ್ ಅಂದರೆ ಇನ್ನೊಂದು ಏನೋ ನಮಗೆ ನೆನಪು ಮಾಡಿಕೊಡುವುದು. ಎದುರಿಗಿರುವುದು ಒಂದು, ನೆನಪಾಗುವುದು ಇನ್ನೊಂದು; ಎರಡನ್ನೂ ಒಂದೇ ಅಂದುಕೊಳ್ಳಬಾರದು. ವಾಕ್ಯ ಮಾಡಿ ಅಂದಾಗ ಉಳಿದವರು ಮಲ್ಲಿಗೆ, ಅಜ್ಜಿ, ಊರು ಅಂದರು. ನನ್ನ ಬಾಯಿಗೆ ಬಂದದ್ದು ಮಗ್ಗ.

ಮನೆಗೆ ಬಂದವಳೇ ಚೀಲ ಎಸೆದು ಅಪ್ಪನ ಮುಂದೆ ನಿಂತೆ. ನನಗೆ ಮೊದಲಿಂದಲೂ ಕೋಪ ಮೂಗಿನ ತುದಿಯಲ್ಲೇ.

"ಅವ್ವನ್ನ ಗ್ಯಾಪಕ ಮಾಡ್ಕೊಳ್ಳಾಕೆ ನಿಂಗೆ ಅಕ್ಕನ ಕಾಲೇ ಬೇಕಾ? ಕುಂಟ್ತಾ ಅವ್ಳೆ, ನೋಡಿದ್ಯಾ? ಪೋದುಂ, ಸಾಕು. ಒಳಗಿರೋದು ಅವ್ವ ಅಲ್ಲಪ್ಪ!"

ಹೊಡೆಯುತ್ತಾರೆಂದು ಕಾದೆ. ಅಪ್ಪ ಒಳಗೆ ಹೋಗಿ, ಗುಂಡಿಗಿಳಿದು, ಎಡ ಹಲಗೆಯ ಹಗ್ಗದ ಬಿಗಿದು ಕಲ್ಲಾಗಿದ್ದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದರು.

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ನೂಲು ಎಳೆದು ಕಟ್ಟಿ, ಎಳೆ ಗಟ್ಟಿಯಾಗಲೆಂದು ಅಪ್ಪ ಅದಕ್ಕೆ ಗಂಜಿ ಹಾಕುತ್ತಿದ್ದರು. ಒಳಗಿಂದ ಮಗ್ಗದ ಸದ್ದು ಸಮನಾಗಿ ಬಂತು, ಎಲ್ಲರ ಮನೆಯ ಸದ್ದಿನಂತೆ. ಅಪ್ಪನ ಕೈ ನಿಂತಿತು.

"ಮಗ್ಗದಾಗೆ ಯಾರಮ್ಮ ಇರೋದು?"

"ಅಕ್ಕ" ಅಂದೆ.

ಗಂಜಿಯ ಕೈಯಲ್ಲೇ ಮುಖ ಮುಚ್ಚಿಕೊಂಡು ಬೀದಿಯಲ್ಲೇ ಅತ್ತರು. ಅವ್ವ ಹೋದ ದಿನ ಅವರು ಅತ್ತಿರಲಿಲ್ಲ. ಗಾಬರಿಯಾಗಿ ಅಕ್ಕ ಒಳಗಿಂದ ಓಡಿಬಂದಳು, ಎಡಕ್ಕೆ ವಾಲುತ್ತಾ. ಅಪ್ಪ ತಲೆಯೆತ್ತಿ ನೋಡಿದರು. ಹಗ್ಗ ಬಿಚ್ಚಿದಷ್ಟು ಬೇಗ ಅವಳ ಸೊಂಟ ಅವ್ವನನ್ನು ಬಿಡಲಿಲ್ಲ.